ಮರದ ರೇಸ್ ಕಾರಿನ ಹೊಟ್ಟೆಯಲ್ಲಿ ತೂಕ ಕೂರಿಸುವುದು

ಪೈನ್‌ವುಡ್ ಡರ್ಬಿ ಕಾರು ಹೆಸರಿಗೆ ಮರದ ಕಾರು. ತಕ್ಕಡಿಗೆ ಹಾಕಿದರೆ ಅರ್ಧಕ್ಕಿಂತ ಹೆಚ್ಚು ತೂಕ ಲೋಹದ್ದೇ. ಮೇಲಿನ ಬಣ್ಣ, ಆಕಾರ, ಮೂತಿಯ ಚೂಪು ಎಲ್ಲವನ್ನೂ ಜನ ನೋಡುತ್ತಾರೆ, ತಿರುಗಿಸಿ ತಳವನ್ನು ನೋಡುವವರು ಕಡಿಮೆ. ಕೆಲಸ ಇರುವುದು ಮಾತ್ರ ತಳದಲ್ಲಿ: ಎಲ್ಲಿ ಗುಳಿ ತೆಗೆಯಬೇಕು, ಎಷ್ಟು ಆಳ ಹೋಗಬೇಕು, ಅದರೊಳಗೆ ಏನು ತುಂಬಬೇಕು.

ಈ ಆಟ ಶುರುವಾದದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ. ಡಾನ್ ಮರ್ಫಿ ಎಂಬುವರು ಕಬ್ ಸ್ಕೌಟ್, ಅಂದರೆ ಸ್ಕೌಟ್ ದಳದ ಚಿಕ್ಕ ಹುಡುಗರಿಗಾಗಿ ಹುಟ್ಟುಹಾಕಿದ್ದು. ಸುಮಾರು 178 ಮಿ.ಮೀ. ಉದ್ದ, 44 ಅಗಲ, 32 ದಪ್ಪದ ಪೈನ್ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ಚಕ್ರ ತಿರುಗುವ ಅಚ್ಚಾಗಿ ನಾಲ್ಕು ಮೊಳೆ, ಅದೇ ಆಕ್ಸಲ್. ಕಾರಿನ ಒಟ್ಟು ತೂಕ 5 ಔನ್ಸ್, ಅಂದರೆ 141.7 ಗ್ರಾಂ ಮೀರಬಾರದು. ಎಂಜಿನ್ ಇಲ್ಲ, ಓಟದ ಪಟ್ಟಿಯ ಇಳಿಜಾರಿನ ಮೇಲಿಂದ ಬಿಟ್ಟರೆ ಅಷ್ಟೇ. ದಾವಣಗೆರೆ, ಚಿತ್ರದುರ್ಗದ ಕಡೆ ಮಕ್ಕಳ ಬೇಸಿಗೆ ರಜೆಗೋ ಶಾಲೆಯ ವಿಜ್ಞಾನ ಪ್ರದರ್ಶನಕ್ಕೋ ಇದನ್ನು ಮಾಡಿಕೊಳ್ಳುವವರು ಕಿಟ್ ತರಿಸಲೇಬೇಕೆಂದಿಲ್ಲ. ಚಕ್ರಗಳನ್ನು ಬಿಟ್ಟರೆ ಉಳಿದದ್ದೆಲ್ಲ ಊರಲ್ಲೇ ಸಿಗುತ್ತದೆ. ಅಳತೆ ಮಾತ್ರ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು, ಲೆಕ್ಕಗಳೆಲ್ಲ ಅದಕ್ಕೇ ಹೊಂದಿಕೊಂಡಿವೆ.

ತೂಕ ಏಕೆ ಬೇಕು? ಭಾರವಾದದ್ದು ಬೇಗ ಬೀಳುತ್ತದೆ ಅಂತಲ್ಲ, ಅದು ತಪ್ಪು ಎಂದು ಎಂಟನೇ ಕ್ಲಾಸಿನ ಹುಡುಗನಿಗೂ ಗೊತ್ತು. ಆಕ್ಸಲ್ ಮೇಲಿನ ಉಜ್ಜಾಟವೂ ತೂಕದ ಜೊತೆಗೇ ಏರುತ್ತದೆ, ಅಲ್ಲಿ ಲಾಭವಿಲ್ಲ. ಲಾಭ ಇರುವುದು ಎರಡು ಕಡೆ. ಗಾಳಿಯ ತಡೆ ಕಾರಿನ ಆಕಾರಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ತೂಕಕ್ಕೆ ತಕ್ಕಂತೆ ಅಲ್ಲ. ಹಾಗೆಯೇ ಚಕ್ರಗಳನ್ನು ತಿರುಗಿಸಲು ಖರ್ಚಾಗುವ ಶಕ್ತಿಯೂ ಚಕ್ರಗಳದ್ದೇ ಲೆಕ್ಕ. ಕಾರು ಭಾರವಾದಷ್ಟೂ ಈ ಎರಡೂ ಖರ್ಚು ಒಟ್ಟು ಶಕ್ತಿಯಲ್ಲಿ ಸಣ್ಣ ಪಾಲಾಗುತ್ತವೆ. ಹಾಗಾಗಿ ಮಿತಿಯ ಹತ್ತಿರಕ್ಕೆ ಹೋಗಬೇಕು.

ತೂಕ ಹಿಂದೆ ಏಕೆ ಇರಬೇಕು ಎಂಬುದು ಬೇರೆ ಪ್ರಶ್ನೆ. ಹೊರಡುವಾಗ ಕಾರು ಮೂತಿ ಕೆಳಗೆ ಮಾಡಿ ಇಳಿಜಾರಿನಲ್ಲಿ ನಿಂತಿರುತ್ತದೆ, ಆಗ ಹಿಂಬದಿಯೇ ಎತ್ತರದ ಜಾಗ. ಗುರುತ್ವ ಕೇಂದ್ರ, ಅಂದರೆ ಕಾರು ಸಮತೂಗುವ ಜಾಗ, 25 ಮಿ.ಮೀ. ಹಿಂದೆ ಸರಿದರೆ 30 ಡಿಗ್ರಿ ಇಳಿಜಾರಿನಲ್ಲಿ ಅದು ಸುಮಾರು 12 ಮಿ.ಮೀ. ಮೇಲೇರಿದ ಹಾಗೆ. ನಾಲ್ಕು ಅಡಿ ಎತ್ತರದಿಂದ ಹೊರಡುವ ಕಾರಿಗೆ ಇದು ನೂರಕ್ಕೆ ಒಂದು ಪಾಲು ಹೆಚ್ಚಿನ ಶಕ್ತಿ, ನೂರಕ್ಕೆ ಅರ್ಧ ಪಾಲು ಹೆಚ್ಚಿನ ವೇಗ. ಗೆರೆ ದಾಟುವ ಹೊತ್ತಿಗೆ ನಾಲ್ಕೈದು ಸೆಂ.ಮೀ. ಮುಂದೆ ಇರುತ್ತೀರಿ. ಕಡಿಮೆ ಎನಿಸಬಹುದು, ಈ ಆಟದಲ್ಲಿ ಗೆಲ್ಲುವುದೂ ಸೋಲುವುದೂ ಇಷ್ಟರಲ್ಲೇ.

ಹಾಗೆಂದು ಪೂರ್ತಿ ಬಾಲಕ್ಕೆ ತುಂಬಿದರೆ ಮುಂದಿನ ಚಕ್ರಗಳು ಹಗುರಾಗಿ, ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ತಿರುವಿನಲ್ಲಿ ಮೂತಿ ಎದ್ದು ಕಾರು ಪಟ್ಟಿಯಿಂದ ಹೊರಗೆ ಬೀಳುತ್ತದೆ. ಹಿಂದಿನ ಆಕ್ಸಲ್‌ನಿಂದ 25 ಮಿ.ಮೀ. ಮುಂದೆ ಗುರುತ್ವ ಕೇಂದ್ರ ಇರಲಿ, ಮೊದಲ ಕಾರಿಗೆ ಅದೇ ಸರಿಯಾದ ಗುರಿ. ಆಗ ಮುಂದಿನ ಚಕ್ರಗಳ ಮೇಲೆ ಒಟ್ಟು ತೂಕದ ಶೇ. 22ರಷ್ಟು ಇರುತ್ತದೆ. 20 ಮಿ.ಮೀ.ಗೆ ತರುವ ಧೈರ್ಯ ಚಕ್ರಗಳು ನೆಟ್ಟಗೆ ಓಡುತ್ತವೆ ಎಂಬ ಖಾತ್ರಿ ಇದ್ದವರಿಗೆ.

ಈಗ ಡ್ರಿಲ್ ಮುಟ್ಟುವ ಮೊದಲು ಕಾಗದ ಪೆನ್ನು. ಬಹಳ ಜನ ಈ ಹಂತ ಹಾರಿಸಿ, ಕಾರು ಕೊರೆದು ಬಣ್ಣ ಬಳಿದ ಮೇಲೆ "ಇನ್ನೂ 60 ಗ್ರಾಂ ಎಲ್ಲಿ ತುಂಬಲಿ?" ಎಂದು ಹುಡುಕುತ್ತಾರೆ. ಅಷ್ಟರಲ್ಲಿ ಬೇಕಾದ ಜಾಗದಲ್ಲಿ ಮರವೇ ಉಳಿದಿರುವುದಿಲ್ಲ.

ಒಂದು ಸಾದಾ ಬೆಣೆಯಾಕಾರದ ಕಾರು ತೆಗೆದುಕೊಳ್ಳೋಣ. ಹಿಂದೆ 22 ಮಿ.ಮೀ. ದಪ್ಪ, ಮೂತಿಯಲ್ಲಿ 6. ಹಿಂದಿನ ಆಕ್ಸಲ್ ಬಾಲದ ತುದಿಯಿಂದ 25 ಮಿ.ಮೀ., ಅಲ್ಲಿಂದ 111 ಮಿ.ಮೀ. ಮುಂದೆ ಇನ್ನೊಂದು ಆಕ್ಸಲ್. ಮರದ ಗಾತ್ರ ಸುಮಾರು 110 ಘನ ಸೆಂ.ಮೀ., ಒಣಗಿದ ಪೈನ್ ಘನ ಸೆಂ.ಮೀ.ಗೆ 0.45 ಗ್ರಾಂ ಹಿಡಿದರೆ 49 ಗ್ರಾಂ. ಚಕ್ರ, ಆಕ್ಸಲ್ ಸೇರಿ 14. ಬಣ್ಣ, ಅಂಟಿಗೆ 3. ಒಟ್ಟು 66. ಹಾಗಾದರೆ 75 ಗ್ರಾಂ ತುಂಬಬೇಕು.

ಎಲ್ಲಿ? ಪ್ರತಿಯೊಂದರ ತೂಕವನ್ನು ಅದು ಬಾಲದಿಂದ ಇರುವ ದೂರದಿಂದ ಗುಣಿಸಿ ಕೂಡಿ. ಮರದ ಬೆಣೆಯ ಕೇಂದ್ರ ಬಾಲದಿಂದ 72 ಮಿ.ಮೀ.ನಲ್ಲಿದೆ: 49 × 72 = 3528. ಬಣ್ಣ, ಅಂಟು 3 × 72 = 216. ಹಿಂದಿನ ಚಕ್ರಗಳು 7 × 25 = 175, ಮುಂದಿನವು 7 × 136 = 952. ಒಟ್ಟು 4871. ನಮಗೆ ಬೇಕಾದದ್ದು 141 ಗ್ರಾಂ, ಬಾಲದಿಂದ 50 ಮಿ.ಮೀ.ನಲ್ಲಿ, ಅಂದರೆ 7050. ಉಳಿದ 2179ನ್ನು 75 ಗ್ರಾಂನಿಂದ ಭಾಗಿಸಿದರೆ 29 ಬರುತ್ತದೆ.

ಈ 29 ಎಂಬ ಅಂಕಿಯನ್ನು ಸ್ವಲ್ಪ ಹೊತ್ತು ನೋಡಬೇಕು. ಆಕ್ಸಲ್ ಇರುವುದು 25ರಲ್ಲಿ. ತೂಕದ ನಡುಮಧ್ಯ ಹೆಚ್ಚುಕಡಿಮೆ ಆಕ್ಸಲ್‌ನ ಮೇಲೆಯೇ ಬಂದು ಕೂರುತ್ತದೆ! ಆ ಜಾಗವನ್ನಂತೂ ಕೊರೆಯುವ ಹಾಗಿಲ್ಲ, ಎರಡೂ ಪಕ್ಕದಿಂದ ಬಂದ ಮೊಳೆಗಳು ನಡುವೆ ಮುಟ್ಟುವಷ್ಟು ಒಳಗೆ ಹೋಗಿರುತ್ತವೆ. ಅದಕ್ಕೇ ಒಂದೇ ದೊಡ್ಡ ಗುಳಿ ತೆಗೆಯುವ ಆಸೆ ಬಿಟ್ಟು, ಆಕ್ಸಲ್‌ನ ಹಿಂದೆ ಒಂದು ಸಾಲು, ಮುಂದೆ ಎರಡು ಸಾಲು ಎಂದು ಹಂಚಬೇಕು.

ಇದೇ ಲೆಕ್ಕ ತೇಗದ ಮರಕ್ಕೆ ಹಾಕಿ ನೋಡಿ. ತೇಗ 0.65 ಹಿಡಿದರೆ ಮರವೇ 72 ಗ್ರಾಂ, ತುಂಬಲು ಉಳಿಯುವುದು 52 ಗ್ರಾಂ, ಅದು ಬಾಲದಿಂದ 10 ಮಿ.ಮೀ.ನಲ್ಲಿ ಇರಬೇಕು. ಅಷ್ಟು ಹಿಂದೆ 52 ಗ್ರಾಂ ಕಬ್ಬಿಣಕ್ಕೆ ಜಾಗವೇ ಇಲ್ಲ. "ಮನೇಲಿ ತೇಗದ ತುಂಡು ಐತೆ, ಗಟ್ಟಿ ಮರ, ಅದ್ರಲ್ಲೇ ಮಾಡೋಣ" ಎನ್ನುವವರು ಇಲ್ಲೇ ನಿಲ್ಲಬೇಕು. ಗಟ್ಟಿತನ ಇಲ್ಲಿ ಗುಣವಲ್ಲ. ಯಂತ್ರಗಳು ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಸಾಕು, ಗುಜರಿಯಲ್ಲೂ ಸಾಮಿಲ್‌ನಲ್ಲೂ ಸಿಗುತ್ತದೆ. ಹೊರದೇಶದ ಪೆಟ್ಟಿಗೆಯಾದರೆ ಹಲಗೆಯ ಮೇಲೆ ಗೋಧಿ ತೆನೆಯ ಚಿತ್ರದ ಪಕ್ಕದಲ್ಲಿ ಸುಟ್ಟ ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಬಿಸಿಯಲ್ಲಿ ಹದ ಮಾಡಿದ್ದು, ತೆಗೆದುಕೊಳ್ಳಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಮಕ್ಕಳ ಕೈಗೆ ಬರುವ ವಸ್ತುವಿಗೆ ಬೇಡ. ಗಂಟಿಲ್ಲದ, ನಾರು ಉದ್ದಕ್ಕೆ ನೆಟ್ಟಗೆ ಓಡಿದ ತುಂಡನ್ನೇ ಆರಿಸಿ.

ತುಂಬುವುದಕ್ಕೆ ಏನು? ಅಮೆರಿಕದವರು ಟಂಗ್‌ಸ್ಟನ್ ಎನ್ನುತ್ತಾರೆ, ಘನ ಸೆಂ.ಮೀ.ಗೆ 19 ಗ್ರಾಂ, ಸಣ್ಣ ಜಾಗದಲ್ಲಿ ತುಂಬಾ ತೂಕ, ಬೆಲೆಯೂ ಹಾಗೇ. ಸೀಸ 11.3, ಹಿತ್ತಾಳೆ ಸುಮಾರು 8.5, ಕಬ್ಬಿಣ 7.85. ಸೀಸವನ್ನು ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ತೂಕಗಳಿಂದಲೋ ಗಾಳದ ಗುಂಡುಗಳಿಂದಲೋ ತರಬಹುದು ನಿಜ. ಇದೇ ಕಾರಿಗೆ ಕಬ್ಬಿಣದ ಒಂಬತ್ತು ಗುಳಿಯ ಬದಲು ಸೀಸದ ಆರು ಗುಳಿ ಸಾಕಾಗುತ್ತವೆ, ಗುರುತ್ವ ಕೇಂದ್ರ ಸುಮಾರು 4 ಮಿ.ಮೀ. ಹಿಂದೆ ಹೋಗುತ್ತದೆ. ಗೆರೆಯ ಬಳಿ ಅದರ ಬೆಲೆ ಹೆಚ್ಚೆಂದರೆ ಒಂದು ಸೆಂ.ಮೀ. ಆ ಒಂದು ಸೆಂ.ಮೀ.ಗಾಗಿ ಮನೆಯೊಳಗೆ ಸೀಸ ಕೊಯ್ಯುವುದು, ಉಜ್ಜುವುದು, ಕೆಲವರು ಮಾಡುವಂತೆ ಒಲೆಯ ಮೇಲೆ ಕರಗಿಸಿ ಗುಳಿಗೆ ಹೊಯ್ಯುವುದು ಶುದ್ಧ ಹುಚ್ಚು. ಮಕ್ಕಳಿರುವ ಮನೆಯಲ್ಲಿ ಸೀಸದ ಪುಡಿಯೂ ಬೇಡ, ಆವಿಯೂ ಬೇಡ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಮಾತಂತೂ ಎತ್ತಲೇಬಾರದು. ಚಕ್ರ, ಆಕ್ಸಲ್‌ಗಳನ್ನು ನಯ ಮಾಡುವುದರಲ್ಲಿ ಆ ಒಂದು ಸೆಂ.ಮೀ.ನ ಹತ್ತರಷ್ಟು ಸಿಗುತ್ತದೆ.

ಕಬ್ಬಿಣ ಸಾಕು. ದಾವಣಗೆರೆಯ ಪಿ.ಬಿ. ರಸ್ತೆ ಆಸುಪಾಸಿನ ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೋ ಲೇತ್ ಅಂಗಡಿಗೋ ಹೋಗಿ "ಅಣ್ಣಾರ, ಟೆನ್ ಎಂಎಂ ಬ್ರೈಟ್ ಬಾರ್ ಐತೇನ್ರಿ, ಒಂದಡಿ ಸಾಕು" ಎನ್ನಿ. ಬ್ರೈಟ್ ಬಾರ್ ಎಂದೇ ಕೇಳಬೇಕು, ಅದು ನುಣುಪು ಮೈಯ ದುಂಡು ಸರಳು. ಮನೆ ಕಟ್ಟುವ ಟಿಎಂಟಿ ಸರಳಿಗೆ ಗೀರುಗಳಿರುತ್ತವೆ, ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ತೂಕದ ಲೆಕ್ಕ ಮಾತ್ರ ಬಾರ್‌ಬೆಂಡರ್‌ಗಳ ಬಾಯಿಪಾಠದ್ದೇ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. 10 ಮಿ.ಮೀ. ರಾಡಿಗೆ 0.617. ಅಂದರೆ ಮಿಲಿಮೀಟರಿಗೆ 0.617 ಗ್ರಾಂ. ತಕ್ಕಡಿ ಇಲ್ಲದೆಯೂ ಸ್ಕೇಲಿನಲ್ಲೇ ತೂಕ ಅಳೆಯಬಹುದು.

ಹಿಂದಿನ ಸಾಲು ಬಾಲದಿಂದ 12 ಮಿ.ಮೀ.ನಲ್ಲಿ, ಮೂರು ಗುಳಿ, 16 ಮಿ.ಮೀ. ಆಳ, ತಲಾ 15 ಮಿ.ಮೀ. ರಾಡ್. ಮುಂದಿನ ಎರಡು ಸಾಲು 36 ಮತ್ತು 49 ಮಿ.ಮೀ.ನಲ್ಲಿ, ಮೂರು ಮೂರು ಗುಳಿ, 14 ಆಳ, ತಲಾ 13 ಮಿ.ಮೀ. ರಾಡ್. ಒಟ್ಟು ರಾಡ್ 123 ಮಿ.ಮೀ., 76 ಗ್ರಾಂ. ಕೊರೆದು ತೆಗೆದ ಮರ ಐದು ಗ್ರಾಂಗೆ ಹತ್ತಿರ, ಅದನ್ನು ಕಳೆದರೆ ನಿವ್ವಳ 71. ಕಾರು 137 ಗ್ರಾಂಗೆ ಬಂತು, ಗುರುತ್ವ ಕೇಂದ್ರ ಆಕ್ಸಲ್‌ನಿಂದ 27 ಮಿ.ಮೀ. ಮುಂದೆ. ಉಳಿದ ನಾಲ್ಕು ಗ್ರಾಂ ಕೊನೆಯ ಹೊಂದಾಣಿಕೆಗೆ. ಅಗಲಕ್ಕೆ ನೋಡಿದರೆ 44 ಮಿ.ಮೀ.ನಲ್ಲಿ 10ರ ಮೂರು ಗುಳಿ, ಉಳಿದ 14 ಮಿ.ಮೀ. ನಾಲ್ಕು ಗೋಡೆಗೆ ಮೂರೂವರೆಯಂತೆ. ಮೂರಕ್ಕಿಂತ ಕೆಳಗೆ ಇಳಿದರೆ ಪೈನ್ ತಡೆಯುವುದಿಲ್ಲ.

ಕೊರೆಯುವ ಕ್ರಮದಲ್ಲಿ ಒಂದೇ ಒಂದು ನಿಯಮ ಮುಖ್ಯ: ತುಂಡು ಇನ್ನೂ ಇಟ್ಟಿಗೆಯ ಹಾಗೆ ಚೌಕವಾಗಿರುವಾಗಲೇ ಗುಳಿ ತೆಗೆಯಿರಿ. ಬೆಣೆಯಾಗಿ ಕೊಯ್ದ ಮೇಲೆ ಅದನ್ನು ಡ್ರಿಲ್ ಕೆಳಗೆ ಮಟ್ಟವಾಗಿ ಕೂರಿಸುವುದಕ್ಕೆ ಆಗುವುದಿಲ್ಲ, ಬಿಟ್ ಓರೆಯಾಗಿ ಇಳಿದು ಪಕ್ಕದ ಗೋಡೆಯನ್ನು ಸೀಳುತ್ತದೆ. ಆದರೆ ಕೊಯ್ಯುವ ಗೆರೆಯನ್ನು ಎರಡೂ ಪಕ್ಕಕ್ಕೆ ಮೊದಲೇ ಎಳೆದಿಡಿ. ತುಂಡಿನ ದಪ್ಪ 32 ಇದೆಯಲ್ಲ ಎಂದು 20 ಮಿ.ಮೀ. ಇಳಿಸಿಬಿಟ್ಟರೆ, ಗರಗಸ ಹಾಕಿದಾಗ ಗುಳಿಯ ಬಾಯಿ ಮೇಲೆ ತೆರೆದುಕೊಳ್ಳುತ್ತದೆ. 49 ಮಿ.ಮೀ. ಸಾಲಿನಲ್ಲಿ ಬೆಣೆಯ ದಪ್ಪ ಬರೀ 17.6. ಅದರಲ್ಲಿ 14 ಕೊರೆದರೆ ಮೇಲೆ ಉಳಿಯುವುದು 3.6. ಗುಳಿಗೂ ಮೊದಲು ಆಕ್ಸಲ್ ತೂತು, ಅದೂ ಚೌಕ ಇರುವಾಗಲೇ. ಆಕ್ಸಲ್ ತೂತು ನೋಡಿಕೊಂಡು ಗುಳಿ ಸರಿಸಬಹುದು, ಗುಳಿ ನೋಡಿಕೊಂಡು ಆಕ್ಸಲ್ ಸರಿಸಲು ಬರುವುದಿಲ್ಲ.

ಬಿಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಮನೆಯಲ್ಲಿ ಇರುವ ಹ್ಯಾಮರ್ ಡ್ರಿಲ್ ಜೊತೆ ಬಂದದ್ದು ಗೋಡೆಯ ಬಿಟ್. ಅದು ಮರವನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಕಬ್ಬಿಣದ ಟ್ವಿಸ್ಟ್ ಬಿಟ್ ಕೊಯ್ಯುತ್ತದೆ, ಆದರೆ ಅದರ ಮೂತಿ ಶಂಕುವಿನಂತಿದ್ದು 10 ಮಿ.ಮೀ. ಬಿಟ್‌ನಲ್ಲಿ ತುದಿಯಿಂದ ಭುಜಕ್ಕೆ 3 ಮಿ.ಮೀ. ಇರುತ್ತದೆ. ಚಪ್ಪಟೆ ತಳದ ರಾಡ್ ಆ ಶಂಕುವಿನ ಮೇಲೆ ಕೂತು ಅಡಿಯಲ್ಲಿ ಜಾಗ ಖಾಲಿ ಉಳಿಯುತ್ತದೆ. ಸ್ಪೇಡ್ ಬಿಟ್‌ನ ಉದ್ದ ಮುಳ್ಳು ಮೇಲ್ಭಾಗವನ್ನೇ ತೂತು ಮಾಡಿ ಹೊರಬರುತ್ತದೆ. ಬೇಕಾದದ್ದು ನಡುವೆ ಸಣ್ಣ ಮುಳ್ಳು, ಅಂಚಿನಲ್ಲಿ ಎರಡು ಚೂಪು ಇರುವ ಮರದ ಬಿಟ್, ಬ್ರ್ಯಾಡ್ ಪಾಯಿಂಟ್ ಎನ್ನುತ್ತಾರೆ. ಅಂಗಡಿಯವರು ಬಾಗಿಲಿನ ಹಿಂಜ್ ಕೂರಿಸುವ 35 ಮಿ.ಮೀ. ಫೋರ್ಸ್ಟ್‌ನರ್ ಬಿಟ್ ಕೊಡಲು ಬಂದರೆ ಬೇಡವೆನ್ನಿ. ಅದೇ ಜಾತಿಯ 10 ಮಿ.ಮೀ. ಸಿಕ್ಕರೆ ಬಲು ಚೆನ್ನ, ತಳ ಚಪ್ಪಟೆಯಾಗಿ ಬರುತ್ತದೆ. ಯಾವ ಬಿಟ್ ಆದರೂ ನಡುವಿನ ಮುಳ್ಳು ಅಂಚಿಗಿಂತ ಎರಡು ಮಿ.ಮೀ. ಮುಂದೆ ಇರುವುದನ್ನು ಮರೆಯಬೇಡಿ. ಮೇಲೆ 3.6 ಉಳಿಯುವ ಕಡೆ ಮುಳ್ಳಿನ ತುದಿಯಲ್ಲಿ ಉಳಿಯುವುದು ಒಂದೂವರೆಯಷ್ಟೇ.

ಡ್ರಿಲ್‌ಗೆ ಸ್ಟ್ಯಾಂಡ್ ಇದ್ದರೆ ಸರಿ. ಇಲ್ಲದವರು ಲೇತ್ ಅಂಗಡಿಯಲ್ಲಿ ಒಂದು ಗಟ್ಟಿ ಮರದ ತುಂಡಿಗೆ ನೇರ 10 ಮಿ.ಮೀ. ತೂತು ಹಾಕಿಸಿಕೊಂಡು, ಅದನ್ನು ಕಾರಿನ ತಳಕ್ಕೆ ಕ್ಲಾಂಪ್ ಮಾಡಿ ಅದರ ಮೂಲಕ ಬಿಟ್ ಇಳಿಸಬೇಕು. ನೇರವೂ ಬರುತ್ತದೆ, ಬಾಯಿಯಲ್ಲಿ ಸಿಬಿರೂ ಏಳುವುದಿಲ್ಲ. ಹ್ಯಾಮರ್ ಗುಂಡಿ ಆಫ್ ಇದೆಯೇ ಎಂದು ಎರಡು ಸಲ ನೋಡಿ. ಆಳಕ್ಕೆ ಬಿಟ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಆದರೆ ಹೊಟ್ಟು ತಾಗಿ ತಾಗಿ ಟೇಪ್ ಮೇಲಕ್ಕೆ ಸರಿಯುತ್ತದೆ, ಆರನೇ ಗುಳಿ ಮೊದಲನೆಯದಕ್ಕಿಂತ ಎರಡು ಮಿ.ಮೀ. ಆಳವಾಗಿರುತ್ತದೆ. ಬೇಕಾದ ಆಳದಷ್ಟೇ ತುದಿ ಹೊರಗೆ ಉಳಿಯುವಂತೆ ಬಿಟ್‌ಗೆ ತೊಡಿಸಿದ ಮರದ ಕೊಳವೆ ಮೋಸ ಮಾಡುವುದಿಲ್ಲ. ನಾಲ್ಕೈದು ಮಿ.ಮೀ.ಗೆ ಒಮ್ಮೆ ಬಿಟ್ ಮೇಲೆತ್ತಿ ಹೊಟ್ಟು ಉದುರಿಸಿ. ಸುಟ್ಟ ವಾಸನೆ ಬಂದರೆ ವೇಗ ಹೆಚ್ಚಾಗಿದೆ ಅಥವಾ ಬಿಟ್ ಮೊಂಡಾಗಿದೆ.

36 ಮತ್ತು 49ರ ಸಾಲುಗಳ ನಡುವೆ ಮೂರು ಮಿ.ಮೀ. ಮರವಷ್ಟೇ ಇದೆ, ಅದೂ ನಾರಿನ ದಿಕ್ಕಿನಲ್ಲೇ. ಎರಡನೇ ಸಾಲು ಕೊರೆಯುವಾಗ ಆ ಗೋಡೆ ಖಾಲಿ ಗುಳಿಯ ಕಡೆಗೆ ಬಾಗಿ ಚಕ್ಕೆ ಏಳುತ್ತದೆ. ಮೊದಲ ಸಾಲಿನ ಗುಳಿಗಳಲ್ಲಿ ರಾಡ್ ತುಂಡುಗಳನ್ನು ಅಂಟಿಲ್ಲದೆ ಸುಮ್ಮನೆ ನಿಲ್ಲಿಸಿ, ಆಮೇಲೆ ಎರಡನೆಯದನ್ನು ಕೊರೆಯಿರಿ. ಗೋಡೆಗೆ ಬೆನ್ನಾಸರೆ ಸಿಗುತ್ತದೆ. ಆದರೂ ಬಿರುಕು ಬಿಟ್ಟರೆ ಫೆವಿಕ್ವಿಕ್ ಒಂದು ಹನಿ ಇಳಿಸಿ ಒತ್ತಿ ಹಿಡಿದರೆ ಆಯಿತು. ಮೇಲ್ಭಾಗ ತೂತಾದರೆ ಅದೇ ಮರದ ಬಿರಡೆ ಅಂಟಿಸಿ ಉಜ್ಜಿ, ಬಣ್ಣದ ಕೆಳಗೆ ಕಾಣುವುದಿಲ್ಲ.

ಉಳಿಯಲ್ಲಿ ಚೌಕ ಗುಳಿ ತೆಗೆಯುವವರಿಗೆ ಒಂದೇ ಎಚ್ಚರಿಕೆ. ಮೊದಲು ನಾರಿಗೆ ಅಡ್ಡವಾಗಿ ಎರಡೂ ತುದಿ ಕತ್ತರಿಸಿ, ಆಮೇಲೆ ನಡುವಿನದನ್ನು ಎಬ್ಬಿಸಿ. ನಾರಿನ ಉದ್ದಕ್ಕೆ ಉಳಿ ಇಟ್ಟು ಕೊಡತಿಯಲ್ಲಿ ಬಡಿದರೆ ಪಕ್ಕದ ಗೋಡೆ ಸೌದೆ ಸೀಳಿದ ಹಾಗೆ ಹೋಗುತ್ತದೆ.

ರಾಡ್ ತುಂಡುಗಳನ್ನು ಹ್ಯಾಕ್ಸಾದಲ್ಲಿ ಕೊಯ್ದು ಅಂಚು ಅರ ಹಾಕಿ. ಬ್ರೈಟ್ ಬಾರ್ ಮೇಲೆ ಎಣ್ಣೆ ಇರುತ್ತದೆ, ಥಿನ್ನರ್‌ನಲ್ಲಿ ಒರೆಸದೆ ಅಂಟು ಹಾಕಿದರೆ ಹಿಡಿಯುವುದಿಲ್ಲ. ಇನ್ನೊಂದು ತೊಂದರೆ ಗಾಳಿ. 10 ಮಿ.ಮೀ. ಗುಳಿಗೆ 10 ಮಿ.ಮೀ. ರಾಡ್ ಪಿಸ್ಟನ್‌ನಂತೆ ಇಳಿಯುತ್ತದೆ, ಅಡಿಯ ಗಾಳಿ ಅದನ್ನು ನಿಧಾನಕ್ಕೆ ವಾಪಸ್ ತಳ್ಳುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಮರ ಸೀಳುತ್ತದೆ. ಪ್ರತಿ ತುಂಡಿನ ಒಂದು ಪಕ್ಕವನ್ನು ಉದ್ದಕ್ಕೆ ಸ್ವಲ್ಪ ಚಪ್ಪಟೆ ಅರ ಹಾಕಿದರೆ ಗಾಳಿಯೂ ಹೆಚ್ಚಿನ ಅಂಟೂ ಅಲ್ಲಿಂದ ಹೊರಬರುತ್ತವೆ.

ಅಂಟು ಅರಾಲ್ಡೈಟ್, ಎರಡು ಟ್ಯೂಬಿನದು, ರಾತ್ರಿಯಿಡೀ ಬಿಡಿ. ಫೆವಿಕಾಲ್ ಮರಕ್ಕೆ ಮರ ಅಂಟಿಸುವುದಕ್ಕೆ ಸರಿ. ಮುಚ್ಚಿದ ಗುಳಿಯೊಳಗೆ ಕಬ್ಬಿಣದ ಪಕ್ಕ ಅದರ ನೀರು ಆರಲು ದಾರಿಯಿಲ್ಲದೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರ ಉಬ್ಬುತ್ತದೆ. ಫೆವಿಕ್ವಿಕ್ ಹಿಡಿತ ಗಟ್ಟಿ ಆದರೆ ಪೆಡಸು, ಕಾರು ಕೊನೆಯ ತಡೆಗೆ ಬಡಿದಾಗ ತೂಕ ಕಳಚಿ ಬೀಳುತ್ತದೆ. ಗ್ಲೂ ಗನ್ ಅಂಟು ನಮ್ಮ ಏಪ್ರಿಲ್ ಬಿಸಿಲಿಗೆ, ಅದರಲ್ಲೂ ಬೀದಿಯಲ್ಲಿ ನಿಲ್ಲಿಸಿದ ನಿಜವಾದ ಕಾರಿನೊಳಗೆ ಇಟ್ಟರೆ, ಮೆತ್ತಗಾಗುತ್ತದೆ. ತಳದಿಂದ ಏನೂ ಹೊರಗೆ ಚಾಚಬಾರದು. ಪಟ್ಟಿಯ ನಡುವೆ ಚಕ್ರಗಳ ಮಧ್ಯೆ ಹಾಯುವ ದಿಂಡು ಕಾಲಿಂಚು ಎತ್ತರ ಇರುತ್ತದೆ, ಕಾರಿನ ತಳಕ್ಕೆ ನೆಲದಿಂದ 9.5 ಮಿ.ಮೀ. ಬಿಡುವುದು ರೂಢಿ.

ಕೊನೆಯ ನಾಲ್ಕು ಗ್ರಾಂಗೆ ಬಾಲದಿಂದ 62 ಮಿ.ಮೀ.ನಲ್ಲಿ 7 ಮಿ.ಮೀ. ವ್ಯಾಸದ ಎರಡು ಗುಳಿ, 13 ಆಳ. ಸೈಕಲ್ ಅಂಗಡಿಯಲ್ಲಿ ಹಿಂಚಕ್ರದ ಹಬ್‌ಗೆ ಹಾಕುವ ಕಾಲಿಂಚಿನ ಬೇರಿಂಗ್ ಗುಂಡು ಒಂದೊಂದೂ ಒಂದು ಗ್ರಾಂ ಚಿಲ್ಲರೆ, ಗುಳಿಗೆ ಎರಡು ಹಿಡಿಯುತ್ತವೆ. ಅದಕ್ಕಿಂತ ಸಣ್ಣ ಹೊಂದಾಣಿಕೆಗೆ ಸೈಕಲ್ ಕಡ್ಡಿಯ ತುಣುಕು. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕೆಳಗೆ ತೋರಿಸುವುದಿಲ್ಲ, ಬಂಗಾರದ ಅಂಗಡಿಯಲ್ಲಿ ಕೇಳಿಕೊಂಡರೆ ತೂಗಿ ಕೊಡುತ್ತಾರೆ. 141.7 ಅಲ್ಲ, 141.2ಕ್ಕೆ ನಿಲ್ಲಿಸಿ, ಎರಡು ತಕ್ಕಡಿ ಒಂದೇ ಮಾತು ಹೇಳುವುದಿಲ್ಲ. ಮರವೂ ಸುಮ್ಮನಿರುವುದಿಲ್ಲ: ಒಣಹವೆಯ ಏಪ್ರಿಲ್‌ನಲ್ಲಿ ಮುಗಿಸಿದ ಕಾರು ಆಗಸ್ಟ್‌ನ ಜಿಟಿಮಳೆಯಲ್ಲಿ ಶೇ. 3ರಷ್ಟು ತೇವ ಹೀರಿದರೂ 45 ಗ್ರಾಂ ಮರಕ್ಕೆ 1.3 ಗ್ರಾಂ ಏರಿತು, ಕಾರು ಮಿತಿ ದಾಟಿತು. ಗುಂಡುಗಳ ಗುಳಿಗೆ ಅರಾಲ್ಡೈಟ್ ಹಾಕದೆ ಬರೀ ಟೇಪ್ ಅಂಟಿಸಿಡುವುದು ಇದಕ್ಕೇ.

ಹಿಂದಿನ ಸಾಲಿಗೂ ಕೊನೆಯವರೆಗೆ ಅಂಟು ಬೇಡ. ರಾಡ್‌ಗಳನ್ನು ಇಟ್ಟು ಮಾಸ್ಕಿಂಗ್ ಟೇಪ್ ಒತ್ತಿ, ತಳವನ್ನು ಸ್ಕೇಲಿನ ಅಂಚಿನ ಮೇಲೆ ತೂಗಿ ನೋಡಿ ಸಮತೋಲ ಎಲ್ಲಿದೆ ಎಂದು ಗುರುತು ಮಾಡಿ, ಓಡಿಸಿ. ತಿರುವಿನಲ್ಲಿ ಮೂತಿ ಕುಣಿದರೆ ಮೊದಲು ಮುಂದಿನ ಆಕ್ಸಲ್ ನೆಟ್ಟಗಿದೆಯೇ ನೋಡಿ. ಅದು ಸರಿಯಿದ್ದೂ ಕುಣಿದರೆ ಹಿಂದಿನ ಮೂರು ರಾಡ್‌ಗಳನ್ನು 15ರಿಂದ 12 ಮಿ.ಮೀ.ಗೆ ಕೊಯ್ಯಿರಿ. ಐದೂವರೆ ಗ್ರಾಂ ಕಡಿಮೆಯಾಗುತ್ತದೆ. ಅದರ ಬದಲು 62ರ ಸಾಲಿನಲ್ಲಿ ಇನ್ನೆರಡು ಗುಳಿ ತೆಗೆದು ಗುಂಡು ತುಂಬಿದರೆ ಗುರುತ್ವ ಕೇಂದ್ರ ಎರಡು ಮಿ.ಮೀ. ಮುಂದೆ ಬರುತ್ತದೆ. ಮತ್ತೆ ಓಡಿಸಿ ನೋಡಿ, ಆಮೇಲೆ ಅರಾಲ್ಡೈಟ್ ಕಲಸಿ.